ಎಮ್ಮೆಯ ಮುಂದೆ ಆಡಿದ ಮಾತು

ನನ್ನ ತಂಗಿಯ ಪರವಾಗಿ ನಮ್ಮಪ್ಪನಿಗೆ ಒಂದು ಮಾತು ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ನಡೆದದ್ದು ಇಷ್ಟೇ. ಇಷ್ಟನ್ನೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ತಪ್ಪು ಮಾಡಿದವನಿಗೆ ಸುತ್ತುಬಳಸಿ ಹೇಳುವ ಚಟ ಹೆಚ್ಚು. ಅದರಲ್ಲೂ ನಾನು ಐದನೆಯ ಇಯತ್ತೆಗೇ ಸಾಲೆ ಬಿಟ್ಟವನು. ಕಲಿತವರು ನೇರ ದಾರಿಯಲ್ಲಿ ತರುವ ಮಾತನ್ನು ನಾನು ಹೊಲವೆಲ್ಲ ಸುತ್ತಿಸಿಯೇ ಮನೆಗೆ ತರಬೇಕು.

ನಮ್ಮ ಮನೆಯಲ್ಲಿ ಅಪ್ಪನೊಡನೆ ಯಾರೂ ನೇರವಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಸಿಡುಕನೇನಲ್ಲ, ಮಕ್ಕಳ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಪದ್ಧತಿಯೇ ಹಾಗಿತ್ತು. ಏನಿದ್ದರೂ ಅವ್ವನ ಮೂಲಕ ಹೋಗಬೇಕು. ಅವ್ವ ಇಲ್ಲದಿದ್ದರೆ ಎಮ್ಮೆಯ ಮೂಲಕ. ಅಪ್ಪ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಾಗ ನಾನು ಎಮ್ಮೆಯ ಮೈ ತಿಕ್ಕುತ್ತ, "ಏನವಾ, ನಾಳಿ ಅಥಣಿ ಸಂತಿಗೆ ಹೋಗಬೇಕಂತೀನಿ, ನೀ ಏನಂತಿ?" ಎನ್ನುತ್ತಿದ್ದೆ. ಅಪ್ಪನೂ ಎಮ್ಮೆಗೇ ಉತ್ತರ ಕೊಡುತ್ತಿದ್ದ: "ಹೋಗಲಿ, ಬರೂಮುಂದ ಒಂದ್ ಹಗ್ಗ ತರಲಿ." ಜುಗೂಳದಲ್ಲಿ ನೋಡಿ ಬಂದ ಹೆಣ್ಣು ನನಗೆ ಒಪ್ಪಿಗೆಯಾಗಿದೆ ಎಂಬುದು ಕೂಡ ಮೊದಲು ತಿಳಿದದ್ದು ಆ ಎಮ್ಮೆಗೆ. ಅದು ತಲೆಯಾಡಿಸಿ ನೊಣ ಓಡಿಸಿತು. ಅಪ್ಪ ಅದನ್ನು ಶುಭಶಕುನವೆಂದೇ ಹಿಡಿದ.

ಇಂಥ ಮನೆಯಲ್ಲಿ ಓದಿನ ಕಡೆ ತಿರುಗಿದವಳು ತಂಗಿ ಸುನಂದಾ ಒಬ್ಬಳೇ. ಬೋರಗಾಂವದ ಸೋದರತ್ತೆಯ ಮನೆಯಲ್ಲಿದ್ದು, ಅವರ ಮಗ್ಗಗಳ ಖಟಖಟದ ನಡುವೆಯೇ ಪಾಠ ಬಾಯಿಪಾಠ ಮಾಡಿ, ದಿನವೂ ಬಸ್ಸಿನಲ್ಲಿ ನಿಪ್ಪಾಣಿಗೆ ಹೋಗಿ ಬಂದು ಫಾರ್ಮಸಿ ಡಿಪ್ಲೊಮಾ ಮುಗಿಸಿದಳು. ಔಷಧಿ ಅಂಗಡಿ ಇಡಲು ಅಷ್ಟು ಸಾಕಂತೆ. ಆದರೆ ಅವಳಿಗೆ ಡಿಗ್ರಿ ಬೇಕಾಗಿತ್ತು. ಡಿಪ್ಲೊಮಾ ಚೆನ್ನಾಗಿ ಪಾಸಾದವರನ್ನು ಡಿಗ್ರಿಯ ಎರಡನೆಯ ವರ್ಷಕ್ಕೇ ಸೇರಿಸಿಕೊಳ್ಳುತ್ತಿದ್ದರು. ಬೆಳಗಾವಿಯಲ್ಲಿ ಅವಳಿಗೆ ಸೀಟು ಸಿಕ್ಕೂ ಬಿಟ್ಟಿತು. ಬರುವ ಸೋಮವಾರದೊಳಗೆ ತಂದೆಯನ್ನು ಕರೆದುಕೊಂಡು ಹೋಗಿ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಅವ್ವನೋ ಅಕ್ಕನ ಹೆರಿಗೆಗೆಂದು ದಿಗ್ಗೇವಾಡಿಗೆ ಹೋಗಿದ್ದಳು.

"ಅಣ್ಣಾ, ನೀನ ಹೇಳಬೇಕ ನೋಡು," ಎಂದಳು ಸುನಂದಾ. "ಮತ್ತ ಎಮ್ಮಿ ಮುಂದ ಅಲ್ಲ, ಅಪ್ಪನ ಮುಂದ."

"ಅದ್ಯಾವ ದೊಡ್ಡ ಮಾತ ಬೇ, ಇವತ್ತ ಹೇಳ್ತೀನಿ," ಎಂದೆ.

ಈಗ ನಾನು ದ್ರಾಕ್ಷಿ ತೋಟದ ಕಡೆ ಹೊರಳುತ್ತೇನೆ. ಓದುವವರು ಮಾತು ಮರೆಸುತ್ತಿದ್ದಾನೆ ಎಂದುಕೊಳ್ಳಬಾರದು. ಮಳೆಗಾಲದಲ್ಲಿ ಬಳ್ಳಿಗೆ ರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತೇವೆ. ಹದ ತಪ್ಪಿದರೆ ರೋಗಕ್ಕಿಂತ ಔಷಧಿಯೇ ಎಲೆ ತಿನ್ನುತ್ತದೆ. ನಾನು ಕಣ್ಣಳತೆಯಲ್ಲಿ ಕಲಸಿದ ವರ್ಷ ಎಲೆಗಳೆಲ್ಲ ಹಪ್ಪಳದಂತೆ ಸುಟ್ಟವು. ಪಕ್ಕದ ತೋಟದವರು ಬೇಲಿಯ ಆಚೆಯಿಂದ, "ಏನಪಾ, ಬಳ್ಳಿಗೆ ಒಗ್ಗರಣಿ ಹಾಕೀಯೇನು?" ಎಂದು ಕೇಳಿದರು. ಮರುವರ್ಷ ರಜೆಗೆ ಬಂದ ಸುನಂದಾ ತೂಗಿ ಕಲಸಿದಳು. ಉಜ್ಜಿದ ಕುಡಗೋಲನ್ನು ಅದರಲ್ಲಿ ಅದ್ದಿ ಎತ್ತಿ, "ತಾಮ್ರದ ಕೆಂಪ ಹಿಡೀತ ನೋಡು, ಇನ್ನೂ ಸುಣ್ಣ ಬೇಕ," ಎಂದಳು. ಒಂದು ಎಲೆಯೂ ಸುಡಲಿಲ್ಲ. ಅಂದಿನಿಂದ ನಾನು ಊರಲ್ಲಿ ತಲೆಯೆತ್ತಿ ನಡೆದೆ. ಅವಳು ಬೆಳಗಾವಿಗೆ ಹೋದರೆ ಕುಡಗೋಲು ಅದ್ದುವವರು ಯಾರು?

ಮೊದಲ ದಿನ ಎಮ್ಮೆಯ ಮುಂದೆಯೇ ಶುರು ಮಾಡಿದೆ. "ಏನವಾ, ನಮ್ಮ ಸುನಂದಾಗ ಇನ್ನೂ ಓದಬೇಕಂತ..." ಅಪ್ಪನ ಉತ್ತರ ತಕ್ಷಣ ಬಂತು: "ಓದಲಿ, ಯಾರ ಬ್ಯಾಡ ಅಂದಾರ? ಮೊದಲ ನಿನಗ ಹಿಂಡಿ ಇಡ ಅನ್ನವಂಗ." ನಾನು ಹಿಂಡಿ ಇಟ್ಟೆ. ಬೆಳಗಾವಿ, ಸೀಟು, ಸೋಮವಾರ, ಇವು ಯಾವುವೂ ನನ್ನ ಬಾಯಿಂದ ಬರಲಿಲ್ಲ. ಮರುದಿನ ಬಾಯಿ ತೆರೆಯುವ ಹೊತ್ತಿಗೆ ಮೋಡ ಕವಿದಿತ್ತು. ಮೋಡ ನೋಡಿದರೆ ನನಗೆ ಬಳ್ಳಿಯ ನೆನಪಾಗುತ್ತದೆ. ಬಾಯಿ ಮುಚ್ಚಿಕೊಂಡೆ. ತಂಗಿ ಕೇಳಿದಾಗ, "ಹೇಳೀನಿ, ಅಪ್ಪ ವಿಚಾರ ಮಾಡಾಕತ್ತಾನ," ಎಂದೆ. ಅವಳು ಟ್ರಂಕಿಗೆ ಬಟ್ಟೆ ತುಂಬಿಟ್ಟು ಕಾದಳು. ಸೋಮವಾರ ಬಂತು, ಹೋಯಿತು. ಆ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿ, ಸುನಂದಾ ತೋಟಕ್ಕೆ ಬಂದು ಔಷಧಿ ಕಲಸಿದಳು. ಆ ವರ್ಷ ದ್ರಾಕ್ಷಿ ಬಹಳ ಚೆನ್ನಾಗಿ ಬಂತು. ದೇವರಿಗೆ ಇಂಥದರಲ್ಲಿ ನ್ಯಾಯ ಗೊತ್ತಾಗುವುದಿಲ್ಲ.

ಅವ್ವ ದಿಗ್ಗೇವಾಡಿಯಿಂದ ಬಂದ ಮೇಲೆ ವಿಷಯ ಅಪ್ಪನ ಕಿವಿಗೆ ಬಿತ್ತು. ಅಪ್ಪ ಎದ್ದು ಬಂದು, ಎಮ್ಮೆಯನ್ನು ದಾಟಿ, ನನ್ನ ಎದುರು ನಿಂತ. ಹುಟ್ಟಿದ ಮೇಲೆ ಅದೇ ಮೊದಲು.

"ನನಗ್ಯಾಕ ಹೇಳಲಿಲ್ಲೋ? ಹೇಳಿದ್ರ ನಾನ ಕರಕೊಂಡ ಹೋಗ್ತಿದ್ನೆಲ್ಲ."

ನಾನು ಉತ್ತರಕ್ಕಾಗಿ ಎಮ್ಮೆಯ ಮುಖ ನೋಡಿದೆ. ಅವ್ವ, "ಅಂಜಿರ್ತೈತಿ ಪಾಪ, ಮೊದಲಿಂದನೂ ಅಂಜುಬುರುಕ," ಎಂದಳು. ನಾನು ಆ ಮಾತಿಗೆ ಜೋತುಬಿದ್ದೆ. ಅಂಜುಬುರುಕನೆನ್ನಿಸಿಕೊಳ್ಳುವುದು ಇಷ್ಟು ಅನುಕೂಲವೆಂದು ನನಗೆ ಗೊತ್ತಿರಲಿಲ್ಲ. ಸುನಂದಾ ಕೂಡ ಅದನ್ನೇ ನಂಬಿದಳು.

ಅವಳು ಚಿಕ್ಕೋಡಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲೇ ಮದುವೆಯಾದಳು, ಈಗ ಸ್ವಂತ ಅಂಗಡಿ ಇಟ್ಟಿದ್ದಾಳೆ. ಹಳ್ಳಿಯ ಜನ ಅವಳನ್ನು "ಡಾಕ್ಟರಬಾಯಿ" ಎನ್ನುತ್ತಾರೆ. ಒಮ್ಮೆ ನಾನು ಅಲ್ಲಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಒಬ್ಬ ಮುದುಕ ಹಾಗೆಂದ. ಅವಳು ನಕ್ಕು, "ಡಾಕ್ಟರ್ ಎಲ್ಲೀದ್ರಿ ಅಜ್ಜಾ, ನನಗ ಡಿಗ್ರೀನೂ ಇಲ್ಲ," ಎಂದಳು. ಮುದುಕ ಗುಳಿಗೆ ತೆಗೆದುಕೊಂಡು ಹೋದ. ನಾನು ಅರ್ಧ ಚಹಾ ಅಲ್ಲೇ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಈ ಸಲ ಪಂಚಮಿಗೆ ಅವಳನ್ನು ನಾನೇ ಕರೆತಂದೆ. ಮಧ್ಯಾಹ್ನ ಉಂಡ ಮೇಲೆ ಅವಳು ಕೊಟ್ಟಿಗೆಯ ಕಡೆ ಬಂದು ಕಂಬಕ್ಕೆ ಒರಗಿ ನಿಂತಳು. ನನಗೆ ಬರುವ ವಿದ್ಯೆ ಒಂದೇ. ಎಮ್ಮೆಯ ಮೈ ತಿಕ್ಕುತ್ತ, "ಏನವಾ," ಎಂದು ಶುರು ಮಾಡಿದೆ, "ಒಬ್ಬಾಂವ ಅಣ್ಣ ಇದ್ದ. ತಂಗಿ ಸೀಟ ಕಳದ..."

"ಅಣ್ಣಾ," ಎಂದಳು ಸುನಂದಾ, "ಆ ಎಮ್ಮಿ ಸತ್ತ ಎಷ್ಟ ದಿನ ಆತು. ಇದು ಅದರ ಕರ. ಇದಕ್ಕೇನ ಗೊತ್ತ ಪಾಪ? ಇತ್ತಾಗ ಹೊಳ್ಳು."

ಹೊಳ್ಳಿದೆ. ಎಮ್ಮೆಯ ಕಣ್ಣಿಗಿಂತ ಮನುಷ್ಯರ ಕಣ್ಣು ನೋಡುವುದು ಬಹಳ ಕಷ್ಟ.

"ನಾ ಅಂಜಿರಲಿಲ್ಲ, ತಂಗೆವ್ವಾ. ನೀ ಹೋದ್ರ ತೋಟಕ್ಕ ಔಷಧ ಯಾರ ಕಲಸ್ತಾರಂತ ಸುಮ್ಮನಾದೆ. ನನ್ನದು ತಪ್ಪಾತು."