ಸೌಂಡ್ ಕಾರ್ಡಿಗೆ ಡ್ರೈವರ್ ಬೇಕಾಗಿದ್ದಾರೆ

ಸೌಂಡ್ ಕಾರ್ಡಿನ ಮೈ ಮುಟ್ಟಿ ಜ್ವರ ನೋಡುವ ಮನುಷ್ಯ ಇಡೀ ಬಂಟ್ವಾಳದಲ್ಲಿ ಒಬ್ಬರೇ. ನನ್ನ ಗ್ರಹಚಾರಕ್ಕೆ ಅವರು ನನ್ನ ಅಕ್ಕನ ಗಂಡ.

ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಶಬ್ದ ಹೊರಡಿಸುವ, ಅಂಗೈಯಗಲದ ಹಸಿರು ಹಲಗೆ ಅದು. ಬಹಳ ಹಳತು. ನಾಲ್ಕು ಹಾಡು ಒಟ್ಟಿಗೆ ಹಾಕಿದರೂ ತಾನೇ ಬೆರೆಸಿ ಕೇಳಿಸುತ್ತದಂತೆ. ಈಗ ಆ ಕೆಲಸ ಸಾಫ್ಟ್‌ವೇರಿನದು. ಭಾವನ ಪ್ರಕಾರ ಅದು ಕಲಬೆರಕೆ.

"ಮಿಕ್ಸಿಯ ಮಸಾಲೆಗೂ ಕಲ್ಲಿನಲ್ಲಿ ಅರೆದದ್ದಕ್ಕೂ ವ್ಯತ್ಯಾಸ ಇಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಅರೆಯುವವಳು ನಾನು, ವ್ಯತ್ಯಾಸ ಗೊತ್ತಿರುವುದು ಅವರಿಗೆ!

ಒಮ್ಮೆ ನೆರೆ ಬಂದಾಗ ಓಣಿಯವರೆಲ್ಲ ಚಿನ್ನ, ರೇಷನ್ ಕಾರ್ಡು ಹಿಡಿದು ಮಾಳಿಗೆ ಹತ್ತಿದರೆ, ಭಾವ ಸೌಂಡ್ ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹತ್ತಿದರು. ಅಕ್ಕನಿಗೆ ಆಗ ಇನ್ನೂ ಸ್ವರ ಇತ್ತು. "ನಾನು ನೀರಿಳಿದ ಮೇಲೆ ಬರ್ತೇನೆ, ಆಗಬಹುದಲ್ಲ?" ಎಂದು ಕೆಳಗಿನಿಂದ ಕೇಳಿದ್ದಳು.

ಆಮೇಲೆ ಗಂಟಲಿನ ಆಪರೇಷನ್ ಆಯಿತು. ಸ್ವರ ಹೋಯಿತು. ಉಳಿದದ್ದು ಕಂಪ್ಯೂಟರಿನಲ್ಲಿ: ಇಗರ್ಜಿಯ ಪ್ರಾರ್ಥನೆಯ ಹಾಡುಗಳಿಗೆ ಅಕ್ಕನದೊಂದು, ಭಾವನದೊಂದು, ಬೇರೆ ಬೇರೆಯಾಗಿ ರೆಕಾರ್ಡು ಮಾಡಿದ ಸ್ವರಗಳು. ಭಾವ ದಿನವೂ ಎರಡನ್ನೂ ಒಟ್ಟಿಗೆ ಹಾಕಿ ಅವಳಿಗೆ ಕೇಳಿಸುತ್ತಿದ್ದರು.

ಈ ವರ್ಷ ಆ ಕಂಪ್ಯೂಟರು ಸತ್ತಿತು. ಭಾವ ಹೊಸದೊಂದನ್ನು ತಂದು, ಹಾಡುಗಳನ್ನೂ ಹಸಿರು ಹಲಗೆಯನ್ನೂ ಅದಕ್ಕೆ ಸಾಗಿಸಿದರು. ಮೂಡುಬಿದಿರೆಯಲ್ಲಿರುವ ನನಗೆ ಅವರ ಫೋನು ಬಂತು. "ಎಲ್ಲಿ ಹುಡುಕಿದರೂ ಡ್ರೈವರ್ ಸಿಗುದಿಲ್ಲ ಮಾರಾಯ್ತಿ." ಅಕ್ಕನನ್ನು ಆಸ್ಪತ್ರೆಗೆ ಒಯ್ಯಬೇಕೇನೋ ಎಂದು ಹೆದರಿ, ನಮ್ಮ ಬೀದಿಯ ಜೀಪ್ ಡ್ರೈವರನನ್ನು ಬಸ್ಸು ಹತ್ತಿಸಿ ಕಳಿಸಿದೆ. ಅವನು ಅಂಗಳದಲ್ಲಿ ನಿಂತು, "ಗಾಡಿ ಎಲ್ಲುಂಟು ಅಣ್ಣ?" ಎಂದನಂತೆ. ಭಾವ ಹಸಿರು ಹಲಗೆ ತೋರಿಸಿದರಂತೆ. ಹೊಸ ಕಂಪ್ಯೂಟರಿಗೆ ಅದರ ಪರಿಚಯ ಮಾಡಿಸುವ ಪ್ರೋಗ್ರಾಮಿಗೂ ಡ್ರೈವರ್ ಎನ್ನುತ್ತಾರೆಂದು ನನಗೆ ಕಾನ್ವೆಂಟಿನ ಯಾವ ಸಿಸ್ಟರೂ ಕಲಿಸಿರಲಿಲ್ಲ!

ಹೊಸದಕ್ಕೆ ಕಾರ್ಡಿಲ್ಲದೆಯೂ ಶಬ್ದ ಬರುತ್ತಿತ್ತು, ಆದರೆ ಅದರಲ್ಲಿದ್ದ ಬೆರೆಸುವ ಸಾಫ್ಟ್‌ವೇರನ್ನು ಭಾವನೇ ಕಿತ್ತುಹಾಕಿದ್ದರು. ಹಾಗಾಗಿ ಒಂದು ಸ್ವರ ಹಾಡುವಾಗ ಇನ್ನೊಂದು ಬಾಯಿಯೇ ಬಿಡುವುದಿಲ್ಲ.

"ಪುನಃ ಹಾಕಬಾರದಾ ಭಾವ?"

"ಅವಳ ಸ್ವರವನ್ನು ಕಲಬೆರಕೆ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಕಳೆದ ಭಾನುವಾರ ನಾನು ಹೋದಾಗ ಅವರು ಕಾರ್ಡನ್ನು ಕಳಚಿ ಮೇಜಿನ ಮೇಲಿಟ್ಟಿದ್ದರು. "ಇದಕ್ಕೆ ಡ್ರೈವರ್ ಬರೆಯುವವರು ಈಗ ಯಾರೂ ಇಲ್ಲ," ಎಂದರು. ಅಕ್ಕನ ಪಕ್ಕ ಕೂತು ಅವಳ ಸ್ವರವೊಂದನ್ನೇ ಹಾಕಿದರು. ಎರಡನೇ ಸಾಲಿಗೆ ಅವರ ಸ್ವರ ಸೇರಬೇಕಾದ ಜಾಗ ಬಂತು. ಆಪರೇಷನ್ ಆದಂದಿನಿಂದ ಒಂದು ಸಾಲೂ ಹಾಡದಿದ್ದ ಭಾವ ಕೆಮ್ಮಿ, ಹಾಡತೊಡಗಿದರು. ಶ್ರುತಿ ಸ್ವಲ್ಪ ಕೆಳಗಿತ್ತು.

ಅಕ್ಕ ಅವರತ್ತ ತಿರುಗಲಿಲ್ಲ. ಅವರ ಮೊಣಕಾಲಿನ ಮೇಲಿದ್ದ ತನ್ನ ಬೆರಳನ್ನು ಮೆಲ್ಲಗೆ ಎತ್ತಿದಳು: ಇನ್ನೂ ಚೂರು ಮೇಲೆ.