ಗೇರುಹಣ್ಣಿನ ಫೆನಿಯೂ ಉಪ್ಪುಸೊಳೆಯ ಡ್ರಮ್ಮೂ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಫೆನಿ ಸಾರಾಯಿ ಇಳಿಸುವುದು ಯಾವ ಮಹಾ ವಿದ್ಯೆ? ನಿವೃತ್ತಿಯಾದ ಮರುವರ್ಷ, ನರಿಮೊಗರಿನ ನಮ್ಮ ಗುಡ್ಡೆಯಲ್ಲಿ ಗೇರುಹಣ್ಣು ರಾಶಿ ರಾಶಿ ಕೊಳೆಯುವುದನ್ನು ಕಂಡು ನನ್ನೊಳಗಿನ ಉದ್ಯಮಿ ಎದ್ದು ಕುಳಿತ. ಬೀಜ ಮಾರುತ್ತೇವೆ, ಹಣ್ಣು ಎಸೆಯುತ್ತೇವೆ. ಎಂಥ ರಾಷ್ಟ್ರೀಯ ನಷ್ಟ!

"ಸರಕಾರದ ಪರವಾನಗಿ ತೆಗೆದೇ ಸಣ್ಣದೊಂದು ಫೆನಿ ಘಟಕ ಹಾಕ್ತೇನೆ," ಎಂದು ಹೆಂಡತಿ ಸಾವಿತ್ರಿಗೆ ಘೋಷಿಸಿದೆ.

"ನೀವಾ? ಕೆಮ್ಮಿನ ಸಿರಪ್ ಕುಡಿದರೇ ತಲೆ ತಿರುಗುದು ನಿಮಗೆ. ಫೆನಿ ಸರಿಯಾಗಿದಾ ಇಲ್ಲವಾ ಅಂತ ನೋಡುದು ಯಾರು?"

"ಥರ್ಮಾಮೀಟರ್ ನೋಡ್ತದೆ!"

ಅರ್ಜಿ ಹಾಕಿ ಕಾಯುವ ಕಾಲವನ್ನು ನಾನು ವ್ಯರ್ಥ ಮಾಡಲಿಲ್ಲ. 'ನರಿಮೊಗರು ಅಮೃತ' ಎಂದು ಹೆಸರಿಟ್ಟು ಲೇಬಲ್ ಅಚ್ಚು ಹಾಕಿಸಿದೆ. ಅದರಲ್ಲಿ ನನ್ನ ಫೋಟೋ ಬೇಡವೆಂದು ಸಾವಿತ್ರಿ ಕೈಮುಗಿದು ಬೇಡಿಕೊಂಡದ್ದರಿಂದ ಗೇರುಹಣ್ಣಿನ ಚಿತ್ರಕ್ಕೆ ಆ ಗೌರವ ಸಂದಿತು. ಪರವಾನಗಿ ಕೈಗೆ ಬರುವಾಗ ಗೇರಿನ ಹಂಗಾಮು ಮುಗಿದು ಆಟಿ ತಿಂಗಳ ಮಳೆ. ಲೇಬಲ್ ಉಂಟು, ಬಾಟಲಿ ಉಂಟು, ತಾಮ್ರದ ಹಂಡೆ ಉಂಟು. ಹಣ್ಣು ಮಾತ್ರ ಇಲ್ಲ!

ಮುಂದಿನ ಬೇಸಗೆಯಲ್ಲಿ ಹಣ್ಣು ಹಿಂಡಿದ್ದೇ ಹಿಂಡಿದ್ದು. ರಸ ಹುಳಿಯಲು ಇಡಬೇಕು, ಪಾತ್ರೆ ಸಾಲದು. ಸಾವಿತ್ರಿ ಈಶ್ವರಮಂಗಲದ ತಂಗಿಯ ಮನೆಗೆ ಹೋಗಿದ್ದಳು. ಉಗ್ರಾಣದಲ್ಲಿ ಎರಡು ನೀಲಿ ಡ್ರಮ್ ಖಾಲಿ ಬಿದ್ದಿದ್ದವು. ನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿ, ರಸ ತುಂಬಿಸಿದೆ.

ಮೂರನೇ ದಿನ ಅವಳು ಮರಳಿದಳು.

"ಅಯ್ಯೋ ದೇವರೇ! ಅದು ನಾನು ಹಲಸಿನ ಸೊಳೆ ಉಪ್ಪಿಗೆ ಹಾಕುವ ಡ್ರಮ್ಮು! ಹತ್ತು ವರ್ಷದ ಉಪ್ಪುಸೊಳೆಯ ವಾಸನೆ ಉಂಟು ಅದರಲ್ಲಿ!"

"ಹೆದರಬೇಡ. ಕಾಯಿಸಿ ಇಳಿಸುವಾಗ ಉಪ್ಪೆಲ್ಲ ಕೆಳಗೇ ಉಳೀತದೆ. ಇದು ವಿಜ್ಞಾನ."

"ಉಪ್ಪು ಉಳಿದೀತು. ವಾಸನೆ?"

ವಿಜ್ಞಾನ ಓದದವಳೆಂದು ನಾನು ಅವಳನ್ನು ಕ್ಷಮಿಸಿದೆ.

ಫೆನಿ ಇಳಿಯಿತು, ನೀರಿನಷ್ಟು ತಿಳಿಯಾಗಿ! ರುಚಿ ಪರೀಕ್ಷಕರಾಗಿ ಹಣ್ಣು ಹೆಕ್ಕಲು ಬರುವ ಬಾಬಣ್ಣ ನೇಮಕಗೊಂಡರು. ಮೊದಲ ಗುಟುಕಿಗೆ, "ಲಾಯ್ಕ ಉಂಟು ಮಾಷ್ಟ್ರೇ." ಎರಡನೆಯದಕ್ಕೆ, "ಭಾರೀ ಲಾಯ್ಕ ಉಂಟು." ಐದನೆಯದಕ್ಕೆ ನನ್ನನ್ನು ತಬ್ಬಿಕೊಂಡು ಅತ್ತರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ? ಎಲ್ಲವನ್ನೂ ಬಾಟಲಿಗೆ ತುಂಬಿ ಲೇಬಲ್ ಅಂಟಿಸಿದೆ.

ಸುಳ್ಯದಲ್ಲಿ ಬಾರ್ ನಡೆಸುವ ಶೇಖರಣ್ಣ ನನ್ನ ಹಳೆಯ ವಿದ್ಯಾರ್ಥಿ. ಗುರುಭಕ್ತಿಯಿಂದ ಅವನೇ ಮನೆಗೆ ಬಂದ. ಬಾಟಲಿಯ ಮುಚ್ಚಳ ತೆಗೆದ. ಮೂಸಿದ. ಹುಬ್ಬು ಏರಿಸಿ ಮತ್ತೆ ಮೂಸಿದ. ಒಂದು ಗುಟುಕು ಕುಡಿದು ಲೇಬಲಿನ ಗೇರುಹಣ್ಣಿನ ಚಿತ್ರವನ್ನು ಕಣ್ಣು ಕಿರಿದಾಗಿಸಿ ನೋಡಿದ.

"ಹೇಗುಂಟು?" ನಾನು ಕೇಳಿದೆ.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಇದಕ್ಕೆ ನಂಚಿಕೊಳ್ಳಲಿಕ್ಕೆ ಬೇರೆ ಎಂತ ಬೇಡ. ಹಲಸಿನ ಪಲ್ಯ ಒಳಗೇ ಉಂಟು!"

ಒಳಗಿನಿಂದ ಸಾವಿತ್ರಿಯ ನಗು ಕೇಳಿತು. ಅದು ನಿಲ್ಲಲು ಸಾಕಷ್ಟು ಸಮಯ ಹಿಡಿಯಿತು.

ಆ ವರ್ಷ ಮಾರಾಟವಾದ ಬಾಟಲಿಗಳ ಸಂಖ್ಯೆ ಸೊನ್ನೆ. ಪರವಾನಗಿ ಹಿಂತಿರುಗಿಸಲು ಅರ್ಜಿ ತುಂಬಬೇಕಾಯಿತು. ಅದರಲ್ಲೊಂದು ಕಲಂ: 'ಘಟಕ ಮುಚ್ಚಲು ಕಾರಣ.' ಹವಾಮಾನದ ವೈಪರೀತ್ಯ, ಎರಡೇ ತಿಂಗಳ ಹಂಗಾಮು, ದೊಡ್ಡ ಕಂಪೆನಿಗಳ ಪೈಪೋಟಿ, ಸಣ್ಣ ಉದ್ದಿಮೆಗಳ ಬಗ್ಗೆ ಸಮಾಜದ ಅನಾದರ ಎಂದು ಕರಡು ಕಾಗದದಲ್ಲಿ ಒಂದೂವರೆ ಪುಟ ಬರೆದು, ಸಾವಿತ್ರಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಹಾಕಿ ಪೂರ್ತಿ ಓದಿದಳು. ಪೆನ್ನು ತೆಗೆದು ಪೂರ್ತಿ ಹೊಡೆದು ಹಾಕಿದಳು. ಆಮೇಲೆ ಅರ್ಜಿಯ ಕಲಮಿನಲ್ಲಿ ಒಂದೇ ಪದ ಬರೆದಳು:

'ಮಾಲಕರು.'

ಕಚೇರಿಯ ಅಧಿಕಾರಿ ಅದನ್ನು ಓದಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಂದೂ ಪ್ರಶ್ನೆ ಕೇಳದೆ ಮೊಹರು ಒತ್ತಿದರು.