ಕೊನೆಯ ಒಂದೂವರೆ ನಿಮಿಷ

ಧರಣೇಂದ್ರನ ಎಲ್ಲ ತಾಪತ್ರಯಕ್ಕೂ ಮೂಲ ಒಂದು ಕ್ಯಾಸೆಟ್ಟು. ಅದರ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂವತ್ತು ನಿಮಿಷ. ಸಾಂಗ್ಲಿಯ ಹಾಸ್ಟೆಲ್ಲಿನ ಗೆಳೆಯನೊಬ್ಬ ಅದರಲ್ಲಿ ತುಂಬಲು ಹೋದದ್ದು ಮೂವತ್ತೊಂದೂವರೆ ನಿಮಿಷದ ಹಾಡುಗಳನ್ನು. ಹೀಗಾಗಿ ಕೊನೆಯ ಹಾಡು, ಲೋಕವೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಎಂಟು ನಿಮಿಷದ ಆ ಇಂಗ್ಲಿಷ್ ರಾಕ್ ಹಾಡು, ಆರೂವರೆ ನಿಮಿಷಕ್ಕೆ ಸರಿಯಾಗಿ ಟಕ್ಕೆಂದು ನಿಂತುಬಿಡುತ್ತಿತ್ತು.

ನಿಲ್ಲುವುದೇನೋ ನಿಲ್ಲಲಿ, ನಿಲ್ಲುತ್ತಿದ್ದ ಜಾಗ ಸರಿಯಿರಲಿಲ್ಲ. ಹಾಡಿನಲ್ಲಿ ಒಬ್ಬ ರೈಲು ನಿಲ್ದಾಣದಲ್ಲಿ ಕೂತು ಹುಡುಗಿಗಾಗಿ ಕಾಯುತ್ತಾನೆ. ಮೊದಲ ಗಾಡಿ ಬರುತ್ತದೆ, ಆಕೆ ಇಲ್ಲ. ಎರಡನೆಯದು ಬರುತ್ತದೆ, ಆಗಲೂ ಇಲ್ಲ. ದೂರದಲ್ಲಿ ಕೊನೆಯ ಗಾಡಿಯ ದೀಪ ಕಾಣಿಸುತ್ತದೆ, ಗಿಟಾರು ಗಾಲಿಗಳಂತೆ ಗಡಗಡಿಸುತ್ತದೆ, "ಇದರಲ್ಲಾದರೂ ಬಂದೆಯಾ?" ಎಂದು ಅವನು ಕೂಗುತ್ತಾನೆ. ಟಕ್.

ಆ ಹಾಡು ಕೇಳುತ್ತಿದ್ದ ದಿನಗಳಲ್ಲೇ, ಎಪ್ಪತ್ತೊಂಬತ್ತರ ಡಿಸೆಂಬರಿನ ಒಂದು ಭಾನುವಾರ, ಧರಣೇಂದ್ರ ತನ್ನೂರಿಗೆ ಹತ್ತಿರದ ಕುಡಚಿ ಸ್ಟೇಷನ್ನಿನ ಬೆಂಚಿನ ಮೇಲೆ ರಾಜಮತಿಗಾಗಿ ಕಾದಿದ್ದ. ರಾಜಮತಿ ಮಿರಜಿನವಳು, ಅವನ ಜೊತೆ ಬಿ.ಎಸ್‌ಸಿ. ಓದಿ ಮುಗಿಸಿದ್ದವಳು. "ನಿಮ್ಮ ಅವ್ವನ್ನ ನೋಡಾಕ ಬರ್ತೀನಿ. ಯಾವ ಗಾಡಿ ಅಂತ ಹೇಳಾಕಾಗೂದಿಲ್ಲ. ಹಸರ ಛತ್ರಿ ಹಿಡಕೊಂಡಿರ್ತೀನಿ, ಗುರತ ಸಿಗ್ತೈತಿ" ಎಂದಿದ್ದಳು, ಅವಳ ಗುರುತು ಹಿಡಿಯಲು ಅವನಿಗೆ ಛತ್ರಿ ಬೇಕು ಎಂಬಂತೆ. ಎರಡು ಗಾಡಿ ಬಂದುಹೋದವು. ಮೂರನೆಯದು ತಡವಾಗಿತ್ತು. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಮಗ ಬರದೆ ಅವ್ವ ತುತ್ತು ಮುಟ್ಟುವವಳಲ್ಲ. ಧರಣೇಂದ್ರ ಇಳಿಯುವ ಸೂರ್ಯನನ್ನು ಒಮ್ಮೆ, ಖಾಲಿ ಹಳಿಯನ್ನು ಒಮ್ಮೆ ನೋಡಿ ಸೈಕಲ್ಲು ಹತ್ತಿದ. ಆಕೆ ಆ ಗಾಡಿಗೂ ಬಂದಿರಲಾರಳೆಂದು ದಾರಿಯಲ್ಲೇ ತೀರ್ಮಾನಿಸಿ, ಸಿಟ್ಟಿನಲ್ಲಿ ಪತ್ರ ಬರೆಯಲಿಲ್ಲ. ಆಕೆಯೂ ಬರೆಯಲಿಲ್ಲ. ಮುಂದಿನ ವರ್ಷ ಅವಳ ಲಗ್ನಪತ್ರಿಕೆ ಬಂತು.

ಈಗ ಹತ್ತು ವರ್ಷ. ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರು ಎಂದೋ ಅಗಿದು ಶಾವಿಗೆ ಮಾಡಿ ಉಗುಳಿತ್ತು. ಧರಣೇಂದ್ರ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತ, ದಿಗ್ಗೇವಾಡಿಯ ಕುಸುಮಳನ್ನು ಮದುವೆಯಾಗಿ ಸುಖವಾಗಿಯೇ ಇದ್ದ. ಆ ಒಂದೂವರೆ ನಿಮಿಷ ಮಾತ್ರ ಹಲ್ಲಿನ ಸಂದಿಯ ಅಡಕೆ ಚೂರಿನಂತೆ ಒಳಗೆ ಕೂತಿತ್ತು. ಹಾಡಿನ ಹುಡುಗಿ ಬರದೇ ಇದ್ದರೆ ತಾನು ಎದ್ದು ಹೋದದ್ದು ಸರಿ. ಬಂದಿದ್ದರೆ? ಅದರಾಚೆ ಅವನು ಯೋಚಿಸುತ್ತಿರಲಿಲ್ಲ. ಯಾವುದೋ ದೇಶದ ಹಾಡು ಕುಡಚಿಯ ಸಂಗತಿಗೆ ಸಾಕ್ಷಿ ಹೇಳಲಾರದೆಂದು ವಿಜ್ಞಾನ ಓದಿದವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಕಾಗಿತ್ತು.

ಶನಿವಾರ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಕಲಿಸುವ ನಾಮದೇವ ಸರ್ ಆ ಹಾಡಿನ ಮಾತೆತ್ತಿದ.

"ವಿದೇಶಿ ರೇಡಿಯೊದವ್ರು ಕೇಳೂ ಮಂದೀ ಮತಾ ತಗೊಂಡಾರಂತ. ಇಪ್ಪತ್ತೈದು ವರ್ಷದಾಗ ಅದೇ ಎಲ್ಲಾಕ್ಕಿಂತ ದೊಡ್ಡ ಹಾಡಂತ! ನಾಳೆ ಸಂಜೀಕ ಐದೂವರಿಗೆ ಪೂರ್ತಿ ಹಾಕ್ತಾರಂತ. ಕ್ಲಾಸಿಕ್ ಅಂತ, ಕ್ಲಾಸಿಕ್! ಭಾಳ ಮಂದಿ ಕೇಳಿದ್ರಂದ್ರ ದೊಡ್ಡದಾತೇನು? ಹಂಗಾರ ಎಸ್.ಟಿ. ಬಸ್ಸಿನ ಹಾರ್ನೂ ಕ್ಲಾಸಿಕ್ಕೇ."

"ಕಡೀ ಒಂದೂವರಿ ನಿಮಿಷ ಕೇಳೀರೇನ್ರಿ? ಆ ಹಾಡಿನ ಜೀವಾನ ಅಲ್ಲೈತಿ" ಎಂದ ಧರಣೇಂದ್ರ.

"ನೀವ್ ಕೇಳೀರೇನು?"

"ಸಾವಿರ ಸಲ" ಎಂದುಬಿಟ್ಟ.

"ಹಂಗಾರ ನಾಳೆ ನಿಮ್ಮ ಮನೀಗೇ ಬರ್ತೀನಿ. ಜೋಡಿಲೆ ಕೇಳೂಣು. ಅಲ್ಲೇ ನಿಕಾಲ ಮಾಡಿಬಿಡೂಣು."

ಭಾನುವಾರ ಐದಕ್ಕೆ ಧರಣೇಂದ್ರ ಟ್ರಾನ್ಸಿಸ್ಟರನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಶಾರ್ಟ್‌ವೇವ್ ತಿರುಗಿಸಿದರೆ, ಅದರೊಳಗಿಂದ ಬೇಳೆ ಕುದಿಯುವಂಥ ಸದ್ದಷ್ಟೇ ಬಂತು. ತಾಮ್ರದ ತಂತಿಯೊಂದನ್ನು ತಂದು, ಒಂದು ತುದಿ ರೇಡಿಯೊಕ್ಕೆ ಸಿಕ್ಕಿಸಿ, ಇನ್ನೊಂದನ್ನು ಪಕ್ಕದ ಹಿತ್ತಲ ಬಟ್ಟೆ ಹಗ್ಗಕ್ಕೆ ಸುತ್ತತೊಡಗಿದ.

"ಏ ಮಾಸ್ತರ, ನನ್ನ ಅರಬೀ ಹಗ್ಗಕ್ಕ ಏನ್ ಹಚ್ಚಾಕತ್ತೀರಿ?" ಎಂದು ಗೋಡೆಯಾಚೆಯಿಂದ ಭೀಮಾಬಾಯಿಯ ದನಿ ಬಂತು. ನಾಲ್ಕು ಎಮ್ಮೆ ಕಟ್ಟಿ ಓಣಿಗೆಲ್ಲ ಹಾಲು ಹಾಕುವವಳು ಆಕೆ. "ನನ್ನ ಎಮ್ಮಿಗೆ ಕರೆಂಟ್ ಹೊಡಸ್ತೀರೇನು?"

"ಕರೆಂಟ್ ಅಲ್ಲ ಬೇ, ಹಾಡು." ತಪ್ಪಿಸಿಕೊಳ್ಳಲು ಅವನು ಹಾಡಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದ. ಅದೇ ತಪ್ಪಾಯಿತು. ಭೀಮಾಬಾಯಿ ಹಾಲಿನ ಚರಿಗೆಯನ್ನು ಅಲ್ಲೇ ಬಿಟ್ಟು, ಗೋಡೆ ಸುತ್ತಿ ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು.

"ಪಾಪ, ಮನ್ಯಾಗ ಬಿಟ್ಟಿರಾಕಿಲ್ಲ ಆಕೀನ್ನ. ಹಚ್ರಿ, ಬಂದ್ಲೋ ಇಲ್ಲೋ ನೋಡೇ ಬಿಡೂಣು."

ಹಗ್ಗಕ್ಕೆ ಸುತ್ತಿದರೂ ಬೇಳೆ ಕುದಿಯುವುದು ನಿಲ್ಲಲಿಲ್ಲ. ಧರಣೇಂದ್ರ ಮೊಳೆ, ಸುತ್ತಿಗೆ ಹಿಡಿದು ಗೋಡೆಯ ಬಳಿ ಸ್ಟೂಲು ಹಾಕಿದ. ಅಷ್ಟರಲ್ಲಿ ಮನೆಯ ಮಾಲೀಕ ಜಿನ್ನಪ್ಪ ಓಡಿಬಂದ.

"ಮೊಳಿ ಹೊಡೀಬ್ಯಾಡ್ರಿ! ಮೊನ್ನೆ ಸುಣ್ಣಾ ಹಚ್ಚಿಸೀನಿ. ಕೊಡ್ರಿ ಇಲ್ಲೆ ಆ ತಂತಿ!" ಎಂದು ಕಸಿದುಕೊಂಡ.

ಜಿನ್ನಪ್ಪನ ಕೈ ತಗುಲಿದ್ದೇ ತಡ, ರೇಡಿಯೊದಿಂದ ಸ್ಫಟಿಕದಂಥ ಇಂಗ್ಲಿಷು ಹರಿದುಬಂತು. ಅವನು ಕೈ ಇಳಿಸಿದ, ಬೇಳೆ ಕುದಿಯಿತು. ಎತ್ತಿದ, ಇಂಗ್ಲಿಷು.

"ಕೈ ಇಳಸಬ್ಯಾಡ್ರಿ!" ಎಂದು ಎಲ್ಲರೂ ಕೂಗಿದರು. ಅದೇ ಹೊತ್ತಿಗೆ ಬಂದ ನಾಮದೇವ ಸರ್ ಕೂಡ ಕೂಗಿದ. ಗೋಡೆ ಉಳಿಸಿಕೊಳ್ಳಲು ಬಂದ ಜಿನ್ನಪ್ಪ ತಾನೇ ಕಂಬವಾಗಿ, ಸ್ಟೂಲಿನ ಮೇಲೆ ಒಂದು ಕೈ ಎತ್ತಿ ನಿಂತ.

ಹಾಡು ಶುರುವಾಯಿತು. ಧರಣೇಂದ್ರ ಪ್ರಯೋಗಾಲಯದಿಂದ ತಂದಿದ್ದ ಸ್ಟಾಪ್ ವಾಚ್ ಒತ್ತಿದ. ಹತ್ತು ವರ್ಷದ ಮೇಲೆ ಕೇಳಿದ ಮೊದಲ ತಂತಿಯ ದನಿಗೇ ಹಾಸ್ಟೆಲ್ಲಿನ ಕಿಟಕಿ, ಹರಿದ ಚಾಪೆ, ಇಪ್ಪತ್ತರ ವಯಸ್ಸು ಎಲ್ಲ ಎದ್ದು ಬಂದು ಎದುರಿಗೆ ಕೂತವು.

"ಏನಂತಾನ್ರಿ ಅವಾ?" ಭೀಮಾಬಾಯಿ ಅವನ ಮೊಣಕೈ ತಿವಿದಳು.

"ಬೆಂಚಿನ ಮ್ಯಾಲೆ ಕುಂತೀನಿ ಅಂತಾನ. ಮೊದಲನೇ ಗಾಡಿ ಬಂತು, ಆಕಿ ಬರಲಿಲ್ಲ ಅಂತಾನ." ಧರಣೇಂದ್ರ ಕಣ್ಣು ಮುಚ್ಚಿಕೊಂಡ. "ಬಾಜೂಕ ಒಬ್ಬ ಮುದುಕಿ ಪ್ಯಾರಲ ಹಣ್ಣ ಮಾರಾಕತ್ತಾಳ. ಹೊಳೀ ಕಡಿಂದ ಥಂಡಿ ಗಾಳಿ ಬರಾಕತ್ತೈತಿ…"

"ಪ್ಯಾರಲ ಹಣ್ಣ ಎಲ್ಲೈತ್ರೀ ಅದರಾಗ?" ಎಂದ ನಾಮದೇವ ಸರ್.

"ಭಾವಾನುವಾದ್ರಿ. ಸುಮ್ನ ಕೇಳ್ರಿ. ಎರಡನೇ ಗಾಡೀನೂ ಹೋತು. ಕುಡಚ್ಯಾಗ ಇಳದ ಮಂದಿ ಎಲ್ಲಾ ಚಕ್ಕಡಿ ಹತ್ತಿ ಹೋದ್ರು…"

"ಏನ್ರೀ, ಇಂಗ್ಲಿಷ್ ಹಾಡಿನ್ಯಾಗ ಕುಡಚಿ ಹೆಂಗ ಬಂತ್ರಿ?" ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕುಸುಮ ಕೇಳಿದಳು.

"ಭೀಮವ್ವಗ ತಿಳೀಲಿ ಅಂತ" ಎಂದ ಧರಣೇಂದ್ರ. "ಆಕಿ ಹಸರ ಛತ್ರಿ ಹಿಡಕೊಂಡು ಬರಾಕಿದ್ಲು ಅಂತಾನ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನ ಗಮನ ಅತ್ತ ಇರಲಿಲ್ಲ. ವಾಚು ಆರು ನಿಮಿಷ ದಾಟಿತ್ತು. ಗಿಟಾರು ಗಾಲಿಯಾಗಿ ಉರುಳತೊಡಗಿತು. ಕೊನೆಯ ಗಾಡಿಯ ದೀಪ ಕಂಡಿತು. "ಇದರಲ್ಲಾದರೂ ಬಂದೆಯಾ?" ಆರೂವರೆ. ಧರಣೇಂದ್ರನ ಮೈ ಅಭ್ಯಾಸಬಲದಿಂದ ಒಂದು ಟಕ್ಕಿಗಾಗಿ ಕುಗ್ಗಿತು. ಟಕ್ ಬರಲಿಲ್ಲ. ಹಾಡು ಮುಂದೆ ನಡೆಯಿತು. ಎಂದೂ ಕಾಲಿಡದ ಊರಿಗೆ ಬಂದವನ ಹಾಗೆ ಅವನು ಉಸಿರು ಹಿಡಿದ.

"ಬಂದೆಯಾ?" ಮತ್ತೆ ಗಿಟಾರು. "ಬಂದೆಯಾ?" ಮತ್ತೆ ಗಿಟಾರು.

"ಬಂದ್ಲೇನ್ರಿ?" ಎಂದು ಭೀಮಾಬಾಯಿ.

"ಬಂದ್ಲೇನ್ರೋ, ಕೈ ಜೋಮ ಹಿಡೀತು!" ಎಂದು ಸ್ಟೂಲಿನ ಮೇಲಿಂದ ಜಿನ್ನಪ್ಪ.

ಅಷ್ಟರಲ್ಲಿ ದನಿ ಇಳಿಯತೊಡಗಿತು. ಕೇಳಕೇಳುತ್ತ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಸೊಳ್ಳೆಯಷ್ಟಾಗಿ…

"ಸೆಲ್ ಹೋದ್ವು!" ಎಂದು ಭೀಮಾಬಾಯಿ ಕಿರುಚಿದಳು.

ಧರಣೇಂದ್ರ ವಾಚನ್ನು ಒತ್ತಿ ನಿಲ್ಲಿಸಿ, ರೇಡಿಯೊದ ಬೆನ್ನು ಕಿತ್ತು, ಹಳೆಯ ಸೆಲ್ಲುಗಳನ್ನು ಉದುರಿಸಿ, ಗೂಟದಲ್ಲಿದ್ದ ಟಾರ್ಚಿನ ಸೆಲ್ಲುಗಳನ್ನು ತುರುಕಿದ. ವರ್ಷಗಟ್ಟಲೆ ಹುಡುಗರಿಗೆ ಧನ, ಋಣ ಕಲಿಸುತ್ತಿದ್ದವನು ಒಂದನ್ನು ತಲೆಕೆಳಗಾಗಿಯೇ ಹಾಕಿದ. ಮತ್ತೆ ಕಿತ್ತು, ಮತ್ತೆ ಹಾಕಿ, ಗುಂಡಿ ತಿರುಗಿಸುವಷ್ಟರಲ್ಲಿ ನಿರೂಪಕಿ ಇನಿದನಿಯಲ್ಲಿ ಹೇಳುತ್ತಿದ್ದಳು: ಕೇಳುಗರೇ, ಎಂಟು ನಿಮಿಷದ ಆ ಮಹಾ ಗೀತೆಯನ್ನು ನೀವು ಸಂಪೂರ್ಣವಾಗಿ ಕೇಳಿದಿರಿ.

ಧರಣೇಂದ್ರ ಸ್ಟಾಪ್ ವಾಚ್ ನೋಡಿದ. ಸರಿಯಾಗಿ ಎಂಟು ನಿಮಿಷ. ಕೆಳಗೆ ಬಿದ್ದಿದ್ದ ಹಳೆಯ ಸೆಲ್ಲುಗಳನ್ನು ಆಯ್ದು ಟಾರ್ಚಿಗೆ ಹಾಕಿ ಗುಂಡಿ ನೂಕಿದ. ಜಿನ್ನಪ್ಪನ ಹೊಸ ಸುಣ್ಣದ ಗೋಡೆಯ ಮೇಲೆ ಬೆಳಕು ಹುಣ್ಣಿಮೆಯ ಚಂದ್ರನ ಹಾಗೆ ಬಿತ್ತು.

"ಸೆಲ್ ಚೊಲೊ ಅದಾವ" ಎಂದ ನಿಧಾನವಾಗಿ.

"ಅಂದ್ರ?"

"ಅಂದ್ರ ಹಾಡ ಮುಗಿಯೂದೇ ಹಂಗ. ಅವಾ ಕೇಳಕೋತ ಇರ್ತಾನ. ಇವರು ದನಿ ಇಳಿಸಿಬಿಡ್ತಾರ."

ನಾಮದೇವ ಸರ್ ಚಪ್ಪಾಳೆ ತಟ್ಟಿದ. "ಸಾವಿರ ಸಲ ಕೇಳಿದವ್ರಿಗೆ ಇವತ್ತ ಗೊತ್ತಾತೇನ್ರಿ? ಉತ್ತರಾ ಬರೀಲಾರದ ಪ್ರಶ್ನೀನ ತಿರತಿರಗಿ ಬರದ ಹುಡುಗಗ ನಾ ಸೊನ್ನಿ ಹಾಕ್ತೀನಿ. ಇವರು ರ್‍ಯಾಂಕ್ ಕೊಟ್ಟಾರ! ಕ್ಲಾಸಿಕ್ ಅಂತ!" ಎಂದು, ನಾಳೆ ಸ್ಟಾಫ್ ರೂಮಿನಲ್ಲಿ ಹೇಳಬೇಕಾದ್ದನ್ನು ಈಗಲೇ ಗುನುಗುತ್ತ ಹೊರಟ. ಜಿನ್ನಪ್ಪನ ಕೈ ಇಳಿಯಲೊಲ್ಲದು. ಓಣಿಯುದ್ದಕ್ಕೂ ಧ್ವಜವಂದನೆ ಮಾಡುತ್ತ ಹೋದ. ಭೀಮಾಬಾಯಿ, "ಬಂದ್ಲಂತ ಇಲ್ಲ, ಬರಲಿಲ್ಲಂತ ಇಲ್ಲ, ಹಾಲ ಹಿಂಡೂ ಹೊತ್ತ ಮಾತ್ರ ಹೋತು" ಎಂದು ಗೊಣಗುತ್ತ ಎಮ್ಮೆಗಳ ಕಡೆ ನಡೆದಳು.

ಕುಸುಮ ತಾಟು ತಂದಿಟ್ಟಳು. ಬಿಸಿಲು ಗೋಡೆಯ ತುದಿಗೆ ಏರಿತ್ತು.

"ಉಣ್ರಿ, ಹೊತ್ತ ಮುಳಗಾಕ ಬಂತು" ಎಂದಳು. ಆಮೇಲೆ, ಉಪ್ಪು ಬಡಿಸುತ್ತ, "ಬಂದಿದ್ಲರಿ" ಎಂದಳು.

"ಯಾರು?"

"ಹಸರ ಛತ್ರಿಯಾಕಿ."

ಧರಣೇಂದ್ರನ ಕೈ ರೊಟ್ಟಿಯ ಮೇಲೆ ನಿಂತಿತು.

"ನಮ್ಮ ಲಗ್ನಕ್ಕಿಂತ ಮೊದಲ ಒಂದ ಸಲ ಅಪ್ಪಾರ ಕಣ್ಣ ತೋರಿಸಾಕ ಮಿರಜಿಗೆ ಹೋಗಿದ್ವಿ. ಕಡೀ ಗಾಡಿಗೆ ಕುಡಚ್ಯಾಗ ಇಳದ್ವಿ. ನಮ್ಮ ಡಬ್ಬಿಯಿಂದ ಒಬ್ಬಾಕಿ ಇಳದ್ಲು. ಮಳಿಯಿಲ್ಲ, ಬಿಸಲಿಲ್ಲ, ಛತ್ರಿ ಬಿಚ್ಚಿ ನಿಂತ್ಲು. ಬೆಂಚಿನ ಮ್ಯಾಲೆ ಯಾರೂ ಇರಲಿಲ್ಲ. ಪ್ಯಾರಲ ಹಣ್ಣಿನ ಮುದುಕೀನ್ನ ಏನೋ ಕೇಳಿದ್ಲು. ಒಂದ ತಾಸು ನೋಡಿ, ಅಪ್ಪಾರೇ ಆಕೀನ್ನ ತಿರಿಗಿ ಮಿರಜಿ ಗಾಡಿ ಹತ್ತಿಸಿದ್ರು."

"ಅತ್ತಳೇನು?"

"ಇಲ್ರಿ. ನಕ್ಕಳು. 'ಊಟದ ಹೊತ್ತಾಗಿತ್ತು, ಹೋಗಿರಬೇಕು' ಅಂದ್ಲು." ಕುಸುಮಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ಇಂಥಾಕೀನ್ನ ಬಿಟ್ಟು ಉಣ್ಣಾಕ ಹೋದವಾ ಎಂಥಾ ಮಳ್ಳ ಇರಬೇಕು ಅಂತ ಆವತ್ತ ಅನಕೊಂಡಿದ್ನಿ. ಆಮ್ಯಾಲ ಅವನ್ನೇ ಲಗ್ನಾ ಆಗೀನಿ ಅಂತ ಇವತ್ತ ಗೊತ್ತಾತು."

ಧರಣೇಂದ್ರ ತಾಟು ನೋಡುತ್ತ ಕೂತ. ಎಷ್ಟು ಹೊತ್ತು ಕೂತನೋ, ತಲೆ ಎತ್ತಿದಾಗ ಗೋಡೆಯ ತುದಿಯಲ್ಲೂ ಬಿಸಿಲಿರಲಿಲ್ಲ. ಕುಸುಮ ಉಣ್ಣದ ತಾಟು ಎತ್ತಿಕೊಂಡು ಒಳಗೆ ಹೋದಳು.

ಗೋಡೆಯಾಚೆ ಚರಿಗೆಗೆ ಹಾಲು ಬೀಳುವ ಸದ್ದು ನಿಂತಿತು.

"ಮಾಸ್ತರ, ನನ್ನ ಜೀವಾ ತಡೀವಲ್ದು. ಖರೇ ಹೇಳ್ರಿ, ಆಕಿ ಬಂದ್ಲೇನ್ರಿ ಕಡೀಕ?"

"ಬಂದಿದ್ಲಂತ ಬೇ."

"ನೋಡ್ರಿ ಮತ್ತ! ಹಂಗಾರ ಅದು ಖರೇನ ದೊಡ್ಡ ಹಾಡ. ಆ ಇಂಗ್ಲಿಷ್ ಮಾಸ್ತರಗ ಏನ್ ತಿಳೀತೈತಿ! ಅವಾ ಏನಂದ ಮತ್ತ, ಆಕೀನ್ನ ನೋಡಿ?"

"ಅವಾ ಇರಲಿಲ್ಲ. ಎದ್ದ ಹೋಗಿದ್ದ."

ಭೀಮಾಬಾಯಿ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದಳು. ಮತ್ತೆ ಹಾಲಿನ ಸದ್ದು ಶುರುವಾಯಿತು.

"ಹಂಗಾರ ದನಿ ಇಳಿಸಿದ್ದೇ ಚೊಲೊ ಆತು ಬಿಡ್ರಿ."